ಕೆಸುವಿನ ಎಲೆಯಿಂದ ಗೌಡಿಯ ದಾರದವರೆಗೆ

ಮೂರನೆಯ ವರ್ಷದ ವಿನ್ಯಾಸ ತರಗತಿಗೆ ನಾನು ಒಂದು ಬಸ್ ತಂಗುದಾಣದ ಮಾದರಿಯನ್ನು ಒಯ್ದಿದ್ದೆ. ಚಾವಣಿಗೆ ಕೆಸುವಿನ ಎಲೆಯ ಆಕಾರ ಕೊಟ್ಟು, ನಡುನರ, ಕವಲುನರಗಳನ್ನೆಲ್ಲ ರಟ್ಟಿನಲ್ಲಿ ಕತ್ತರಿಸಿ ಅಂಟಿಸಿದ್ದೆ. ನಮ್ಮ ಮೇಷ್ಟ್ರು ಅದನ್ನು ಸುತ್ತಲೂ ತಿರುಗಿಸಿ ನೋಡಿದರು. ಆಮೇಲೆ ತಮ್ಮ ಬಾಟಲಿಯ ನೀರನ್ನು ಮೇಲಿನಿಂದ ಸುರಿದರು. ಕೆಸುವಿನ ಎಲೆಯ ಮೇಲೆ ನೀರು ಮಣಿಯಾಗಿ ಜಾರಿ ಹೋಗುತ್ತದೆ. ನನ್ನ ಎಲೆಯ ನಡುವೆ ಅದು ಮಡುಗಟ್ಟಿ ನಿಂತಿತು. ರಟ್ಟು ನೆನೆದು ಕುಸಿಯಿತು. “ಎಲೆ ಹೇಗೆ ಕಾಣುತ್ತದೆ ಎಂದು ಚೆನ್ನಾಗಿ ನೋಡಿದ್ದೀಯ. ಅದು ಏನು ಮಾಡುತ್ತದೆ ಎಂದು ನೋಡಿಲ್ಲ,” ಎಂದರು.

ಆ ಮಾತು ಮನಸ್ಸನ್ನು ಕೊರೆಯುತ್ತಿರುವಾಗಲೇ ವಿದ್ಯಾರ್ಥಿ ವಿನಿಮಯದಲ್ಲಿ ಆರು ತಿಂಗಳು ಸ್ಪೇನಿನ ಬಾರ್ಸಿಲೋನಾಕ್ಕೆ ಹೋಗುವ ಅವಕಾಶ ಬಂತು. ವಾಸ್ತುಶಿಲ್ಪಿ ಆಂಟೊನಿ ಗೌಡಿ (1852–1926) ತನ್ನ ಮುಖ್ಯ ಕಟ್ಟಡಗಳಲ್ಲಿ ಹೆಚ್ಚಿನವನ್ನು ಕಟ್ಟಿದ ಊರು ಅದು. ಆತ ತಾಮ್ರದ ಕೆಲಸ ಮಾಡುವವರ ಮನೆಯ ಮಗ. ಚಪ್ಪಟೆ ತಗಡು ಪೆಟ್ಟು ತಿಂದು ಪಾತ್ರೆಯಾಗಿ ಉಬ್ಬುವುದನ್ನು ನೋಡಿಕೊಂಡು ಬೆಳೆದವನು. ಆತನ ಗೋಡೆಗಳು ಯಾಕೆ ಹಾಗೆ ಬಾಗುತ್ತವೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಮೊದಲ ಸುಳಿವು ಇದೇ.

ಮೊದಲು ನೋಡಿದ್ದು ಕಾಸಾ ಬಾಟ್ಯೊ. 1904ರಿಂದ 1906ರವರೆಗೆ ಗೌಡಿ ಹೊಸದಾಗಿ ರೂಪಿಸಿದ ಹಳೆಯ ಮನೆ. ಬಂದವರೆಲ್ಲ ಅದರ ಮುಂಭಾಗದ ಮೂಳೆಯಂಥ ಕಂಬಗಳನ್ನೂ ಮಾಡಿನ ಮೇಲಿನ ಹೊಳೆಯುವ ಹುರುಪೆಗಳನ್ನೂ ನೋಡುತ್ತಾರೆ. ನಾನು ಹೆಚ್ಚು ಹೊತ್ತು ನಿಂತಿದ್ದು ಒಳಗಿನ ಬೆಳಕಿನ ಬಾವಿಯಲ್ಲಿ. ಮನೆಯ ನಡುವೆ ಕೆಳಗಿನಿಂದ ಮೇಲಿನವರೆಗೂ ತೆರೆದಿರುವ ಅಂಗಳ ಅದು. ಗೋಡೆಯ ಟೈಲುಗಳು ಮೇಲ್ಗಡೆ ದಟ್ಟ ನೀಲಿ, ಇಳಿಯುತ್ತಾ ಬಂದಂತೆ ತಿಳಿಯಾಗಿ, ಕೆಳಗೆ ಹೆಚ್ಚುಕಡಿಮೆ ಬಿಳಿ. ಕಿಟಕಿಗಳೂ ಹಾಗೆಯೇ: ಮೇಲೆ ಚಿಕ್ಕವು, ಕೆಳಗೆ ದೊಡ್ಡವು. ಆಕಾಶಕ್ಕೆ ಹತ್ತಿರವಿರುವ ಕೋಣೆಗೆ ಬೆಳಕು ತಾನಾಗಿ ಬರುತ್ತದೆ, ಕೆಳಗಿನ ಕೋಣೆಗೆ ಅದನ್ನು ಕರೆದುಕೊಂಡು ಬರಬೇಕು. ಬಣ್ಣ ಇಲ್ಲಿ ಅಲಂಕಾರಕ್ಕಾಗಿ ಬಂದದ್ದಲ್ಲ, ಬೆಳಕನ್ನು ಪಾಲು ಮಾಡಲು ಬಂದದ್ದು. ಮೇಷ್ಟ್ರ ಮಾತು ನನಗೆ ಅರ್ಥವಾಗತೊಡಗಿದ್ದು ಅಲ್ಲಿ.

ಗೌಡಿಯೇ ರೂಪಿಸಿದ ಉದ್ಯಾನ ಪಾರ್ಕ್ ಗ್ವೆಲ್‌ನಲ್ಲಿ ಅದೇ ಪಾಠ ನೀರಿನಲ್ಲಿ ಸಿಕ್ಕಿತು. ಹಾವಿನಂತೆ ಸುತ್ತುವ ಬೆಂಚಿನ ನಡುವಿನ ಬಯಲು 86 ಕಂಬಗಳ ಮೇಲೆ ನಿಂತಿದೆ. ಬಯಲಿಗೆ ಬಿದ್ದ ಮಳೆ ಕೆಳಗೆ ಇಂಗಿ, ಕಂಬಗಳ ಒಳಗಿನ ಕೊಳವೆಗಳಲ್ಲಿ ಇಳಿದು ಅಡಿಯ ತೊಟ್ಟಿಯನ್ನು ಸೇರುತ್ತದೆ. ಭಾರ ಹೊರುವ ಕಂಬವೇ ನೀರನ್ನೂ ಹೊರುತ್ತದೆ, ಮರದ ಕಾಂಡದ ಹಾಗೆ. ನೋಟ್‌ಪುಸ್ತಕದಲ್ಲಿ ಅದರ ಅಡ್ಡಕೊಯ್ತವನ್ನು ಮೂರು ಸಲ ಬರೆದೆ.

ಸಗ್ರಾದಾ ಫಮಿಲಿಯಾ ಚರ್ಚಿನ ಕೆಲಸ 1882ರಲ್ಲಿ ಬೇರೊಬ್ಬರ ಕೈಯಲ್ಲಿ ಶುರುವಾಯಿತು. ಮರುವರ್ಷ ಗೌಡಿಯ ಕೈಗೆ ಬಂತು. ಒಳಗೆ ಕಾಲಿಟ್ಟಾಗ ಮಲೆನಾಡಿನವರು ಯಾರಿಗಾದರೂ ಮೊದಲು ನೆನಪಾಗುವುದು ಅಡಿಕೆ ತೋಟವೇ. ಕತ್ತೆತ್ತಿ ನೋಡಿದ ಮೇಲೆ ಅದು ತಪ್ಪೆನಿಸಿತು. ಅಡಿಕೆ ಮರ ಕವಲೊಡೆಯುವುದಿಲ್ಲ. ಈ ಕಂಬಗಳು ಹಲಸಿನ ಮರದಂತೆ ಎತ್ತರದಲ್ಲೊಂದು ಗಂಟು ಕಟ್ಟಿ, ಅಲ್ಲಿಂದ ಕವಲಾಗಿ, ಸುಮಾರು 45 ಮೀಟರ್ ಎತ್ತರದ ಚಾವಣಿಯನ್ನು ಹತ್ತಾರು ಕಡೆ ಹಿಡಿದು ನಿಲ್ಲುತ್ತವೆ. ಹೆಚ್ಚು ಭಾರ ಹೊರುವ ಕಂಬಕ್ಕೆ ಹೆಚ್ಚು ಗಟ್ಟಿಯಾದ ಕಲ್ಲು: ಮರಳುಗಲ್ಲು, ಗ್ರಾನೈಟ್, ಬಸಾಲ್ಟ್, ಎಲ್ಲಕ್ಕಿಂತ ಗಟ್ಟಿಯಾದ ಪಾರ್ಫಿರಿ. ಹಾಗಾಗಿಯೇ ಕಂಬಗಳ ಬಣ್ಣ ಬೇರೆ ಬೇರೆ. ಆದರೆ ಅವು ಓರೆಯಾಗಿ ನಿಂತಿರುವುದು ಯಾಕೆಂದು ಅಂದು ನನಗೆ ತಿಳಿಯಲಿಲ್ಲ. ಮರದಂತೆ ಕಾಣಲೆಂದು ಇರಬೇಕು ಎಂದುಕೊಂಡು ಹೊರಬಂದೆ.

ಉತ್ತರ ಸಿಕ್ಕಿದ್ದು ಊರಾಚೆ, ಕೊಲೋನಿಯಾ ಗ್ವೆಲ್‌ನಲ್ಲಿ. ಗಿರಣಿ ಕಾರ್ಮಿಕರ ಆ ಪುಟ್ಟ ಊರಿಗೆ ಗೌಡಿ ಒಂದು ಚರ್ಚನ್ನು ಯೋಜಿಸಿದ್ದ. 1908ರಲ್ಲಿ ಕೆಲಸ ಶುರುವಾಗಿ 1914ರಲ್ಲಿ ನಿಂತುಹೋಯಿತು. ಎದ್ದದ್ದು ತಳ ಅಂತಸ್ತು ಮಾತ್ರ. ಆದರೆ ಕೆಲಸ ಶುರುವಾಗುವ ಮೊದಲೇ ಅದಕ್ಕಾಗಿ ಆತ ಹತ್ತು ವರ್ಷ ಒಂದು ಮಾದರಿಯನ್ನು ಕಟ್ಟಿದ್ದ, ತಲೆಕೆಳಗಾಗಿ. ಮೇಲಿನಿಂದ ದಾರಗಳನ್ನು ಇಳಿಬಿಟ್ಟು, ಯಾವ ಭಾಗದ ಮೇಲೆ ಎಷ್ಟು ಭಾರ ಬೀಳುತ್ತದೋ ಆ ಪ್ರಮಾಣದಲ್ಲಿ ಸೀಸದ ಗುಂಡುಗಳ ಪುಟ್ಟ ಚೀಲಗಳನ್ನು ಅವಕ್ಕೆ ಕಟ್ಟುತ್ತಾ ಹೋದ. ತೂಗುವ ದಾರಕ್ಕೆ ಎಳೆತ ಒಂದೇ ಗೊತ್ತು. ಅದು ತಾನಾಗಿ ಪಡೆದ ಬಾಗನ್ನು ತಿರುಗಿಸಿ ಕಲ್ಲಿನಲ್ಲಿ ಕಟ್ಟಿದರೆ ಎಳೆತವೆಲ್ಲ ಒತ್ತಡವಾಗುತ್ತದೆ, ಕಲ್ಲಿಗೆ ಬೇಕಾದ್ದೂ ಅದೇ. ಮಾದರಿಯ ಫೋಟೊ ತೆಗೆದು, ತಲೆಕೆಳಗು ಮಾಡಿ, ಅದರ ಮೇಲೆಯೇ ಬಣ್ಣದಲ್ಲಿ ಕಟ್ಟಡವನ್ನು ಬರೆಯುತ್ತಿದ್ದ.

ಹಬ್ಬಕ್ಕೆ ಬಾಗಿಲಿಗೆ ಕಟ್ಟುವ ಹೂಮಾಲೆ ಅಷ್ಟು ಚೆಂದವಾಗಿ ಬಾಗುವುದು ಇದೇ ಲೆಕ್ಕದಲ್ಲಿ. ಆ ಬಾಗನ್ನು ಯಾರೂ ಬರೆದುಕೊಟ್ಟಿರುವುದಿಲ್ಲ.

ಹಾಸ್ಟೆಲಿಗೆ ಮರಳಿದ ರಾತ್ರಿಯೇ ಮೇಜನ್ನು ಮಗುಚಿ, ಅದರ ನಾಲ್ಕು ಕಾಲುಗಳಿಗೆ ದಾರ ಕಟ್ಟಿದೆ. ಸೀಸದ ಬದಲು ಕಬ್ಬಿಣದ ನಟ್‌ಗಳನ್ನು ತೂಗುಹಾಕಿದೆ. ಒಂದು ಕಡೆ ಒಂದು ನಟ್ ಸೇರಿಸಿದರೆ ಇನ್ನೊಂದು ಕಡೆಯ ದಾರವೂ ಜಾಗ ಬದಲಿಸುತ್ತದೆ. ಅದನ್ನು ಸರಿಪಡಿಸಲು ಹೋದರೆ ಮೂರನೆಯದು ಕದಲುತ್ತದೆ. ಗೌಡಿಗೆ ಹತ್ತು ವರ್ಷ ಯಾಕೆ ಹಿಡಿಯಿತು ಎಂಬುದು ಆ ಒಂದೇ ರಾತ್ರಿಯಲ್ಲಿ ಬೆರಳುಗಳಿಗೆ ತಿಳಿಯಿತು.

ಊರಿಗೆ ಬಂದ ಮೇಲೆ ತಂಗುದಾಣವನ್ನು ಮತ್ತೆ ಕೈಗೆತ್ತಿಕೊಂಡೆ. ದಾರದ ಬದಲು ಬ್ಯಾಂಡೇಜ್ ಬಟ್ಟೆಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿ, ನಾಲ್ಕು ಮೂಲೆಗಳಿಂದ ತೂಗುಹಾಕಿದೆ. ಒಣಗಿ ಗಟ್ಟಿಯಾದ ಮೇಲೆ ಮಗುಚಿ ಇಟ್ಟು, ನಡುವೆ ಮರಳಿನ ಚೀಲವಿಟ್ಟೆ. ನಾಲ್ಕೂ ಕಾಲುಗಳು ಹಲಗೆಯ ಮೇಲೆ ಹೊರಕ್ಕೆ ಜಾರಿದವು. ನೆತ್ತಿಯಲ್ಲಿ ಬಿರುಕು ಬಿಟ್ಟಿತು. ತುಂಡುಗಳನ್ನು ಎದುರಿಗಿಟ್ಟುಕೊಂಡು ಕುಳಿತಾಗ ಹೊಳೆಯಿತು: ತೂಗುವಾಗ ಬಟ್ಟೆ ಕೊಕ್ಕೆಗಳನ್ನು ಒಳಕ್ಕೆ ಎಳೆಯುತ್ತಿತ್ತು, ಕೊಕ್ಕೆ ಗಟ್ಟಿಯಾಗಿದ್ದುದರಿಂದ ನಾನು ಗಮನಿಸಿರಲಿಲ್ಲ. ಮಗುಚಿದ ಮೇಲೆ ಅದೇ ಬಲ ಕಾಲುಗಳನ್ನು ಹೊರಕ್ಕೆ ದೂಡುತ್ತದೆ. ಅದನ್ನು ಯಾರಾದರೂ ತಡೆಯಬೇಕು. ಮಧ್ಯಯುಗದ ಯುರೋಪಿನ ಗಾಥಿಕ್ ಶೈಲಿಯ ಚರ್ಚುಗಳಲ್ಲಿ ಹೊರಗಿನಿಂದ ಆನಿಸಿದ ಕಮಾನುಗಳು ಆ ಕೆಲಸ ಮಾಡುತ್ತವೆ. ಗೌಡಿ ಕಂಬವನ್ನೇ ಆ ಬಲ ಬರುವ ದಿಕ್ಕಿಗೆ ಓರೆ ಮಾಡಿದ. ಸಗ್ರಾದಾ ಫಮಿಲಿಯಾದಲ್ಲಿ ಅರ್ಥವಾಗದೆ ಹೋದ ಓರೆ ಇದು. ಗುಡ್ಡದಂಚಿನ ಮರ ಗಾಳಿಗೆ ಬೇರೂರುವುದೂ ಹೀಗೆಯೇ ಅಲ್ಲವೇ!

ಮುಂದಿನ ಮಾದರಿಗೆ ಕಾಲುಗಳ ಬುಡದಲ್ಲಿ ಮರದ ಗುಟ್ಟಗಳನ್ನು ಮೊಳೆ ಹೊಡೆದು ಕೂರಿಸಿದೆ. ಆರು ಕಿಲೊ ಮರಳನ್ನು ಹರಡಿಟ್ಟರೂ ಕದಲಲಿಲ್ಲ. ಆದರೆ ನೀರು ಸುರಿದಾಗ ಅರ್ಧದಷ್ಟು ಅಂಚಿನಿಂದ ಕೆಳಗೆ, ಜನ ನಿಲ್ಲುವ ಕಡೆಗೇ ಬಿತ್ತು. ಇದಕ್ಕೆ ಪರಿಹಾರವನ್ನು ಬಟ್ಟೆಯೇ ತೋರಿಸಿತು. ಮೂರನೆಯ ಸಲ ಗಂಟುಗಳನ್ನು ಮೂಲೆಯ ತುದಿಗೆ ಹಾಕದೆ ಎರಡು ಅಂಗುಲ ಒಳಗೆ ಹಾಕಿದೆ. ಗಂಟಿನಾಚೆ ಉಳಿದ ಬಟ್ಟೆ ಜೋತುಬಿತ್ತು. ಮಗುಚಿದಾಗ ಆ ಜೋಲು ಸುತ್ತಲೂ ಮೇಲಕ್ಕೆದ್ದ ಅಂಚಾಯಿತು, ದೊನ್ನೆಯ ಬಾಯಿಯ ಹಾಗೆ. ಅಂಚಿಗೆ ಬಿಗಿಯೂ ಬಂತು. ನೀರು ಅದಕ್ಕೆ ತಗುಲಿ ಪಕ್ಕಕ್ಕೆ ಹರಿದು, ಭಾರ ಇಳಿಯುವ ದಾರಿಯಲ್ಲೇ ಕಾಲುಗಳ ಕಡೆಗೆ ಇಳಿಯಿತು.

ಮೇಷ್ಟ್ರು ಈ ಸಲವೂ ಬಾಟಲಿ ಎತ್ತಿಕೊಂಡರು. ನಿಧಾನವಾಗಿ, ಖಾಲಿಯಾಗುವವರೆಗೂ ಸುರಿದರು. ನೀರು ನಾಲ್ಕು ಕಾಲುಗಳ ಬುಡದಲ್ಲಿ ಇಟ್ಟಿದ್ದ ಬಟ್ಟಲುಗಳಿಗೆ ಇಳಿಯಿತು. ಒಂದು ಬಟ್ಟಲಲ್ಲಿ ಮಾತ್ರ ಉಳಿದವುಗಳಿಗಿಂತ ಕಡಿಮೆ ಇತ್ತು. ಅವರು ಅದನ್ನೇ ಬಗ್ಗಿ ನೋಡುತ್ತಾ, “ಈ ಗಂಟನ್ನು ಎಷ್ಟು ಒಳಗೆ ಹಾಕಿದ್ದೆ?” ಎಂದು ಕೇಳಿದರು. ನಾನು ಅಳತೆಪಟ್ಟಿ ತರಲು ಎದ್ದೆ.