ತೆಂಗಿನ ಬುಡಕ್ಕೆ ಈ ವರ್ಷ ಅಳಸಂಡೆ, ಮುಂದಿನ ವರ್ಷ ಸೆಣಬು

ಕಾಸರಗೋಡಿನ ಮುರಕಲ್ಲು (ಜಂಬಿಟ್ಟಿಗೆ) ಮಣ್ಣಿನಲ್ಲಿ ನೀರೂ ನಿಲ್ಲುವುದಿಲ್ಲ, ಯೂರಿಯಾವೂ ನಿಲ್ಲುವುದಿಲ್ಲ. ತೆಂಗಿನ ಬುಡದಲ್ಲೇ ಅಳಸಂಡೆ, ಸೆಣಬು (ಸನ್‌ಹೆಂಪ್, ಗೋಣಿಚೀಲದ ಸೆಣಬಲ್ಲ) ಇಂಥ ದ್ವಿದಳ ಬೆಳೆಸಿ ಮಣ್ಣಿಗೆ ಸೇರಿಸಿದರೆ ಮರವೊಂದಕ್ಕೆ 15–25 ಕಿಲೋ ಹಸಿ ಸೊಪ್ಪು ಸಿಗುತ್ತದೆ. ಆದರೆ ಬಿಸಿಲು ಬೇಕು. ತೆಂಗು ಐದಾರು ವರ್ಷದೊಳಗಿರಬೇಕು, ಇಲ್ಲವೇ 25 ದಾಟಿರಬೇಕು. ನಡುಪ್ರಾಯದ ತೋಟದಲ್ಲಿ, ದಟ್ಟ ಅಡಿಕೆ ತೋಟದಲ್ಲಿ ಬಿತ್ತಿದರೆ ಬೀಜ ದಂಡ.

ಪತ್ತನಾಜೆ (ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ವಾರದ ಹೊತ್ತಿಗೆ) ಕಳೆದು ಒಂದೆರಡು ಮಳೆ ಬಿದ್ದೊಡನೆ ಬಿತ್ತಿ. ಜಡಿಮಳೆ ಹಿಡಿದ ಮೇಲೆ ಬಿತ್ತಿದ ಬೀಜ ಕೊಚ್ಚಿಹೋಗುತ್ತದೆ, ಉಳಿದದ್ದು ಕೊಳೆಯುತ್ತದೆ. ಮಣ್ಣು ಹುಳಿಯಿದ್ದರೆ ಎರಡು ಮೂರು ವಾರ ಮೊದಲೇ ಮರಕ್ಕೊಂದು ಕಿಲೋ ಸುಣ್ಣ ಕೊಡಿ. ಕಾಂಡದಿಂದ ಆರು ಅಡಿಯವರೆಗಿನ ಬುಡವನ್ನು ಮೇಲುಮೇಲೆ ಕೆತ್ತಿ, ಕಾಂಡದ ಹತ್ತಿರದ ಒಂದಡಿ ಬಿಟ್ಟು, ಅಳಸಂಡೆಯಾದರೆ 100 ಗ್ರಾಂ, ಸೆಣಬಾದರೆ 50 ಗ್ರಾಂ ಚೆಲ್ಲಿ ಮಣ್ಣು ಮುಚ್ಚಿ. ನೀರು ಹರಿದುಹೋಗಲು ಒಂದು ಬದಿ ಕಡಿದಿಡಿ. ಅಳಸಂಡೆಗೆ ಎರಡು ದಿನ ಬೇರು ನೀರಲ್ಲಿ ನಿಂತರೂ ಆಗದು.

ಬೀಜಕ್ಕೆ ರೈಜೋಬಿಯಂ (ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕ ಹಿಡಿದುಕೊಡುವ ಸೂಕ್ಷ್ಮಾಣು) ಹಚ್ಚುವುದಾದರೆ ತಣ್ಣಗಾದ ಗಂಜಿತಿಳಿಯಲ್ಲಿ ಕಲಸಿ ನೆರಳಲ್ಲಿ ಆರಿಸಿ, ಆ ದಿನವೇ ಬಿತ್ತಿ. ತಿಂಗಳಾದ ಮೇಲೆ ಒಂದು ಗಿಡವನ್ನು ಮಣ್ಣು ಸಮೇತ ಎತ್ತಿ, ಬೇರಿನ ಗಂಟನ್ನು ಉಗುರಲ್ಲಿ ಒಡೆದು ನೋಡಿ. ಒಳಗೆ ಕೆಂಪು ಛಾಯೆಯಿದ್ದರೆ ಕೆಲಸ ನಡೆದಿದೆ. ಬಿಳಿ ಅಥವಾ ಹಸಿರಾಗಿದ್ದರೆ ಗಾಳಿಯ ಸಾರಜನಕ ಗಿಡಕ್ಕೆ ಸಿಗುತ್ತಿಲ್ಲ. ಹೆಚ್ಚಾಗಿ ಅದು ಹುಳಿ ಮಣ್ಣಿನದೋ, ಬೀಜದೊಟ್ಟಿಗೆ ಯೂರಿಯಾ ಕೊಟ್ಟದ್ದರದೋ ಫಲ.

ಬೇರನ್ನೇ ಸುತ್ತಿ ಊದಿದ, ಉಜ್ಜಿದರೆ ಕಳಚದ ಗಂಟು ಬೇರೆ, ಅದು ಬೇರಿಗೆ ಹೊಕ್ಕುವ ಸೂಕ್ಷ್ಮ ಜಂತುಹುಳದ್ದು (ನೆಮಟೋಡ್). ಅಳಸಂಡೆಯನ್ನು ವರ್ಷ ವರ್ಷ ಅಲ್ಲೇ ಬಿತ್ತಬಾರದೆನ್ನುವುದು ಇದಕ್ಕೇ. ಬೇರುಗಂಟಿನ ಜಂತುಹುಳಕ್ಕೆ ಅಳಸಂಡೆಯೂ ಆಹಾರ, ಕಾಳುಮೆಣಸೂ ಆಹಾರ. ಸೆಣಬಿನ ಬೇರಲ್ಲಿ ಅದು ಹೆಚ್ಚಲಾರದು. ತೋಟವನ್ನು ಎರಡು ಪಾಲು ಮಾಡಿ ಪ್ರತಿವರ್ಷ ಅದಲು ಬದಲು ಮಾಡಿ. ಮರಕ್ಕೆ ಮೆಣಸು ಹಬ್ಬಿಸಿದ್ದರೆ ಅಲ್ಲಿ ಸೆಣಬೇ ಇರಲಿ. ರಬ್ಬರ್ ತೋಟದ ಪ್ಯುರೇರಿಯಾ ಬಳ್ಳಿ ಮಾತ್ರ ಮೆಣಸಿನ ಹತ್ತಿರ ಬೇಡವೇ ಬೇಡ, ಮೆಣಸನ್ನೇ ಹತ್ತಿ ಮುಚ್ಚಿಬಿಡುತ್ತದೆ.

ಅರ್ಧದಷ್ಟು ಗಿಡ ಹೂಬಿಟ್ಟಾಗ ಕಡಿಯಬೇಕು. ಆಟಿಯ (ಜುಲೈ–ಆಗಸ್ಟ್) ಮಳೆ ಜೋರಿದ್ದರೆ ಕಡಿದ ಸೊಪ್ಪನ್ನು ಬುಡದಲ್ಲೇ ಹಾಸಿಬಿಟ್ಟು, ಮಳೆ ಕಡಿಮೆಯಾದಾಗ ಎರಡನೇ ಕಂತಿನ ಗೊಬ್ಬರದೊಟ್ಟಿಗೆ ಮಣ್ಣಿಗೆ ಸೇರಿಸಿ. ಕೋಡು ಬರಲೆಂದು ಕಾದರೆ ಸಾರಜನಕ ಕಾಳಿಗೆ ಹೋಗುತ್ತದೆ, ಸೆಣಬಿನ ದಂಟು ನಾರಾಗಿ ಬೇಗ ಕೊಳೆಯದು.

ನವಿಲು ಮೊಳಕೆ ಹೆಕ್ಕುವ ಕಡೆ ಮೊದಲ ಹತ್ತು ದಿನ ಬುಡಕ್ಕೆ ತೆಂಗಿನ ಮಡಲು ಅಡ್ಡ ಹಾಕಿಡಿ. ಅಳಸಂಡೆ ಬೀಜವನ್ನು ಸುಗ್ಗಿಯ ನಂತರ ಗದ್ದೆಯಲ್ಲಿ ಬೆಳೆದದ್ದರಿಂದ ಉಳಿಸಿಕೊಳ್ಳಿ. ಮಳೆಗಾಲದ ಕೋಡು ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.