ಜೀರುಂಡೆಯ ಕುಟುಂಬ ಗುರುತಿಸುವುದು ಹೇಗೆ?

ಮೈಬಣ್ಣವನ್ನು ಹಳೆಯ ಪುಸ್ತಕದ ಚಿತ್ರಕ್ಕೆ ಹೋಲಿಸಿ ಜೀರುಂಡೆಗೆ ಹೆಸರು ಹಚ್ಚುವವರನ್ನು ಬಹಳ ನೋಡಿದ್ದೇನೆ. ಅವರು ಮಾದರಿಯ ಜೊತೆ ಬರೆದಿಡುವ ಚೀಟಿಗಳಲ್ಲಿ ಕುಟುಂಬವೇ ತಪ್ಪಿರುತ್ತದೆ, ಇಲ್ಲವೇ ಆ ಹೆಸರಿನ ಕುಟುಂಬ ಈಗ ಇರುವುದೇ ಇಲ್ಲ. ಸುಮಾರು 4 ಲಕ್ಷ ಪ್ರಭೇದಗಳಿಗೆ ಹೆಸರಿಟ್ಟಾಗಿರುವ ಗಣವಿದು, ಅಂದರೆ ಹಲವು ಕುಟುಂಬಗಳು ಸೇರಿದ ದೊಡ್ಡ ಗುಂಪು. ಇಲ್ಲಿ ಬಣ್ಣವನ್ನು ನಂಬಿದರೆ ಕೆಟ್ಟಿರಿ.

1. ಜೀರುಂಡೆಯೇ ಹೌದೇ ನೋಡಿ. ಗಟ್ಟಿಯಾದ ಮುಂರೆಕ್ಕೆಗಳು ಬೆನ್ನಿನ ನಡುವೆ ನೇರ ಗೆರೆಯಲ್ಲಿ ಕೂಡುತ್ತವೆ. ಬಾಯಿ ಕಚ್ಚುವಂಥದ್ದು, ಹೀರುವ ಕೊಳವೆಯಲ್ಲ.

2. ಮಗುಚಿ ಹೊಟ್ಟೆ ನೋಡಿ. ಹಿಂಗಾಲಿನ ಬುಡವು ಹೊಟ್ಟೆಯ ಮೊದಲ ಫಲಕವನ್ನು ಪೂರ್ತಿ ಸೀಳಿದ್ದರೆ ಅದು ಅಡೆಫಾಗಾ ಉಪಗಣ: ನೆಲದ ಜೀರುಂಡೆ, ಈಜು ಜೀರುಂಡೆ ಇತ್ಯಾದಿ. ಫಲಕ ಅಖಂಡವಾಗಿದ್ದರೆ ಬಹುಮಟ್ಟಿಗೆ ಪಾಲಿಫಾಗಾ. ಹತ್ತರಲ್ಲಿ ಒಂಬತ್ತು ಜೀರುಂಡೆಗಳು ಅದರವೇ. ಉಳಿದೆರಡು ಉಪಗಣಗಳು ತೀರ ಚಿಕ್ಕವು.

3. ಪಾದದ ಗಂಟುಗಳನ್ನು ಎಣಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜಿನ ಮಸೂರ ಬೇಕು. ಅಂಚಿನಲ್ಲಿ ಕಾಮನಬಿಲ್ಲು ಮೂಡಿಸುವ ಅಗ್ಗದ ಪ್ಲಾಸ್ಟಿಕ್ ಮಸೂರವನ್ನು ಕೊಳ್ಳಲೇಬೇಡಿ. ಒಣಗಿ ಸೆಟೆದ ಮಾದರಿಯ ಕಾಲನ್ನು ಎಳೆಯಬೇಡಿ, ಮುರಿಯುತ್ತದೆ. ಸ್ವಲ್ಪ ಹೊತ್ತು ಬಿಸಿ ನೀರಿನಲ್ಲಿಟ್ಟು ಮೆತ್ತಗಾಗಿಸಿ. ಬೆಳಕು ಪಕ್ಕದಿಂದ ಬೀಳಲಿ.

ಎಣಿಕೆಯನ್ನು ಉಗುರಿನ ಕಡೆಯಿಂದ ಶುರು ಮಾಡಿ. ಉಗುರು ಹೊತ್ತ ಉದ್ದನೆಯ ಗಂಟು ಕೊನೆಯದು. ಎಲೆ ಜೀರುಂಡೆ ಮತ್ತು ಉದ್ದ ಮೀಸೆಯ ಜೀರುಂಡೆಗಳಲ್ಲಿ ಬುಡದಿಂದ ಮೂರನೆಯ ಗಂಟು ಎರಡು ಹೋಳಾಗಿ ಅಗಲಿಸಿರುತ್ತದೆ. ಆ ಸಂದಿನಲ್ಲಿ, ಕೊನೆಯ ಗಂಟಿನ ಬುಡಕ್ಕೆ ಅಂಟಿಕೊಂಡು, ಸಾಸಿವೆಗಿಂತ ಎಷ್ಟೋ ಸಣ್ಣ ಉಂಡೆಯೊಂದು ಅಡಗಿರುತ್ತದೆ. ಅದೇ ನಾಲ್ಕನೆಯದು. ಮೇಲಿಂದ ನೋಡಿದವರು ನಾಲ್ಕೇ ಎಂದು ಬರೆದು ದಾರಿ ತಪ್ಪುತ್ತಾರೆ; ಪಾದವನ್ನು ಓರೆ ಮಾಡಿ ನೋಡಿದರೆ ಐದೂ ಕಾಣುತ್ತವೆ. ಮುಂಗಾಲಿನ ಎಣಿಕೆ ಒಂದೇ ಸಾಲದು. ಕಪ್ಪು ಜೀರುಂಡೆಗಳ ಟೆನೆಬ್ರಿಯಾನಿಡೀ ಕುಟುಂಬದಲ್ಲಿ ಮುಂದಿನ, ನಡುವಿನ ಕಾಲುಗಳಿಗೆ ಐದೈದು ಗಂಟು, ಹಿಂಗಾಲಿಗೆ ನಾಲ್ಕೇ. ಎಡಬಲ ಎರಡೂ ಪಾದಗಳನ್ನು ಹೋಲಿಸಿ, ಒಂದು ತುಂಡಾಗಿರಬಹುದು.

ಮೊಬೈಲ್ ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗಳನ್ನು ಸುಳಿವಿಗಷ್ಟೇ ಇಟ್ಟುಕೊಳ್ಳಿ. ಬೆನ್ನಿನ ಚಿತ್ರದಲ್ಲಿ ಅಡಗಿದ ಗಂಟು ಕಾಣುವುದಿಲ್ಲ.

4. ಮೀಸೆ ನೋಡಿ: ಎಳೆಯೋ, ಗದೆಯೋ, ಬೀಸಣಿಗೆಯೋ.

5. ಹೆಸರಿನ ಈಗಿನ ಸ್ಥಾನ ಪರಿಶೀಲಿಸಿ. ಕಾಳು ಕೊರೆಯುವ ಜೀರುಂಡೆಗಳು ಹಳೆಯ ಪುಸ್ತಕಗಳಲ್ಲಿ ಬ್ರೂಕಿಡೀ ಎಂಬ ಸ್ವತಂತ್ರ ಕುಟುಂಬ. ಈಗ ಎಲೆ ಜೀರುಂಡೆಗಳ ಕ್ರೈಸೊಮೆಲಿಡೀಯೊಳಗಿನ ಉಪಕುಟುಂಬ, ಬ್ರೂಕಿನೀ. ತೊಗಟೆ ಕೊರಕಗಳೂ ಹೀಗೆಯೇ ಮೂತಿ ಜೀರುಂಡೆಗಳ ಕುಟುಂಬದಲ್ಲಿ ಸೇರಿವೆ. 2009ರಲ್ಲಿ ಇರುವೆಯಂತೆ ಕಾಣುವ ಪುಟ್ಟ ಜೀರುಂಡೆಗಳ ಸ್ಕಿಡ್ಮೆನಿಡೀಯನ್ನು ಗಿಡ್ಡ ಮುಂರೆಕ್ಕೆಯ ಜೀರುಂಡೆಗಳ ಸ್ಟ್ಯಾಫಿಲಿನಿಡೀಯೊಳಗೆ ತಂದರು. ಒಂದು ಗುಂಪು ಮತ್ತೊಂದರ ಒಳಗಿನ ಕವಲೇ ಎಂದು ದೇಹರಚನೆಯೋ ಡಿಎನ್ಎಯೋ ತೋರಿಸಿದರೆ, ಅದಕ್ಕೆ ಬೇರೆ ಕುಟುಂಬದ ಪಟ್ಟ ಉಳಿಯುವುದಿಲ್ಲ. ಹಾಗೆಂದು ಎಲ್ಲವೂ ವಿಲೀನವೇ ಅಲ್ಲ: ನೆಲದ ಜೀರುಂಡೆಗಳ ಉಪಕುಟುಂಬವೆಂದು ಅನೇಕರು ಎಣಿಸುತ್ತಿದ್ದ ಹುಲಿ ಜೀರುಂಡೆಗಳನ್ನು 2020ರ ಡಿಎನ್ಎ ಆಧಾರಿತ ಅಧ್ಯಯನ ಮತ್ತೆ ಪ್ರತ್ಯೇಕ ಕುಟುಂಬವಾಗಿಸಿತು. ಗುಲಗಂಜಿ ಹುಳಗಳಿಗೂ ಅವುಗಳ ನಂಟರಿಗೂ 2015ರಲ್ಲಿ ಬೇರೆ ಮಹಾಕುಟುಂಬವೇ (ನಂಟುಳ್ಳ ಕುಟುಂಬಗಳ ಗುಂಪು) ಆಯಿತು.

6. ಚೀಟಿಯಲ್ಲಿ ಕುಟುಂಬ, ಉಪಕುಟುಂಬ ಎರಡನ್ನೂ ಬರೆಯಿರಿ. ಯಾವ ವರ್ಷದ ವರ್ಗೀಕರಣ ಅನುಸರಿಸಿದಿರಿ ಎಂಬುದನ್ನು ಪಕ್ಕದಲ್ಲೇ ನಮೂದಿಸಿ. ಸಿಕ್ಕ ಜಾಗ, ದಿನಾಂಕವಿರುವ ಮೂಲ ಚೀಟಿಯನ್ನು ಮಾತ್ರ ಎಂದಿಗೂ ಕಿತ್ತೆಸೆಯಬೇಡಿ. ಹೆಸರು ಬದಲಾದಾಗ ಹೊಸ ಚೀಟಿಯನ್ನು ಅದರ ಕೆಳಗೆ ಚುಚ್ಚಿ.