ಘಾಟಿ ಹತ್ತುವವರಿಗೆ: ಮೊದಲು ಹಿಂಚಕ್ರದ ಹಬ್ ನೋಡಿ

ಆಗುಂಬೆ, ತೀರ್ಥಹಳ್ಳಿ ಕಡೆ ಸಾಮಾನು ಹೇರಿಕೊಂಡು ಸೈಕಲ್ ತುಳಿಯುವವರಿಗೆ ಒಂದು ಮಾತು: ಗೇರಿಗೆ ದುಡ್ಡು ಸುರಿಯುವ ಮುಂಚೆ ಹಿಂಚಕ್ರದ ಹಬ್, ಅಂದರೆ ಕಡ್ಡಿಗಳು ಬಂದು ಸೇರುವ ನಡುವಿನ ಗುಂಬ, ಸರಿಮಾಡಿಕೊಳ್ಳಿ. ಅಗ್ಗದ ಗೇರ್ ಸೈಕಲ್‌ಗಳಲ್ಲಿ ಫ್ರೀವೀಲನ್ನು (ಹಿಂದಿನ ಹಲ್ಲುಚಕ್ರಗಳ ಗೊಂಚಲನ್ನು) ಹಬ್ಬಿನ ಮೇಲೆ ತಿರುಪಿ ಕೂರಿಸಿರುತ್ತಾರೆ. ಆಗ ಬಲಬದಿಯ ಬೇರಿಂಗ್ ಒಳಗೇ ಉಳಿದು, ಅಚ್ಚಿನ (ಆಕ್ಸಲ್‌ನ) ಬಲತುದಿಗೆ ಆಧಾರವೇ ಇರುವುದಿಲ್ಲ. ನನ್ನ ಅಚ್ಚು ಎರಡು ಸಲ ಬಾಗಿದೆ. ಬಿಚ್ಚಿ ಗಾಜಿನ ಮೇಲೆ ಉರುಳಿಸಿದರೆ ಕುಂಟುತ್ತಾ ಉರುಳುತ್ತಿತ್ತು. ಹಲ್ಲುಚಕ್ರಗಳನ್ನು ತಿರುಪದೆ ಜಾರಿಸಿ ಕೂರಿಸುವ ಕ್ಯಾಸೆಟ್ ಹಬ್ಬಿನಲ್ಲಿ ಬಲಬದಿಯ ಬೇರಿಂಗ್ ಫ್ರೇಮಿನ ಹತ್ತಿರವೇ ಕೂರುವುದರಿಂದ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಭಾರ ಹೊರುವುದಿದ್ದರೆ 36 ಕಡ್ಡಿಯದನ್ನೇ ಕೇಳಿ.

ಹಳೆಯ ಸ್ಟೀಲ್ ಫ್ರೇಮಿನಲ್ಲಿ ಹಿಂಚಕ್ರ ಕೂರುವ ಎರಡು ತುದಿಗಳ ನಡುವಿನ ಅಂತರ 126 ಮಿ.ಮೀ. ಇದ್ದರೆ ಅಗಲಿಸಿ 130ರ ಹಬ್ ಕೂರಿಸಬಹುದು. ತಯಾರಕರ ಕೈಪಿಡಿ ಇದನ್ನು ಒಪ್ಪುವುದಿಲ್ಲ. ಆದರೆ ಒಳ್ಳೆಯ ಉಕ್ಕು ಅಷ್ಟು ತಾಳಿಕೊಳ್ಳುತ್ತದೆ. ಎರಡೂ ಕಡೆ ಸಮವಾಗಿ ಅಗಲವಾಗಿದೆಯೇ ಎಂದು ಹಿಂಬದಿಯ ಒಂದು ತುದಿಯಿಂದ ಹ್ಯಾಂಡಲ್ ಕೆಳಗಿನ ಮುಂದಿನ ಕೊಳವೆಯನ್ನು ಸುತ್ತಿಸಿ ಇನ್ನೊಂದು ತುದಿಗೆ ದಾರ ಎಳೆದು, ಸೀಟಿನ ಕೊಳವೆಗೆ ಎರಡು ಬದಿಯಿಂದಲೂ ಅಂತರ ಅಳೆದು ನೋಡಿ. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮಿನ ಮೇಲೆ ಈ ಸಾಹಸ ಬೇಡವೇ ಬೇಡ, ಬಿರುಕು ಬಿಡುತ್ತದೆ.

ನಮ್ಮ ಮಳೆಗೆ ಯಾವ ಸೀಲೂ ಪೂರ್ತಿ ನಿಲ್ಲುವುದಿಲ್ಲ. ಮಳೆಗಾಲ ಮುಗಿದ ಮೇಲೆ ಹಬ್ ಬಿಚ್ಚಿ. ಗ್ರೀಸ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದೇ ಅರ್ಥ. ಬೇರಿಂಗಿನ ಗುಂಡು ಬದಲಿಸುವಾಗ ಹಿಂಚಕ್ರಕ್ಕೆ ಸಾಮಾನ್ಯವಾಗಿ ಕಾಲು ಇಂಚಿನವು, ಒಂದೊಂದು ಪಕ್ಕಕ್ಕೆ 9. ಗುಂಡುಗಳು ಒಳಗೇ ಮುಚ್ಚಿ ಬರುವ ಸೀಲ್ಡ್ ಬೇರಿಂಗ್ ಆದರೆ ಅದರ ಮೇಲಿನ ಸಂಖ್ಯೆ ಬರೆದುಕೊಂಡು ಬೇರಿಂಗ್ ಅಂಗಡಿಗೇ ಹೋಗಿ, ಸೈಕಲ್ ಅಂಗಡಿ ಸುತ್ತಬೇಕಿಲ್ಲ. ಬೈಕ್ ತೊಳೆಯುವ ಪೈಪಿನ ರಭಸವನ್ನು ಮಾತ್ರ ಹಬ್ಬಿಗೆ ನೇರವಾಗಿ ಹಿಡಿಯಬೇಡಿ.